ಬಾಯಿಯ ಬೂಷ್ಟಿಗೆ ಸೂತಕವಿಲ್ಲ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ. ಉಪನ್ಯಾಸಕರು ನೀರಾವರಿ ಇಲಾಖೆಯ ನಿವೃತ್ತ ಕಾರ್ಯಪಾಲಕ ಅಭಿಯಂತರರು.)



ಈ ಗೋಷ್ಠಿಯಲ್ಲಿ ಸಾಮಾನ್ಯವಾಗಿ ಪ್ರಾಧ್ಯಾಪಕರು, ಸಾಹಿತಿಗಳು ಮಾತನಾಡುತ್ತಾರೆ. ನಾನು ಮೂವತ್ತು ವರ್ಷ ನಾಲೆ, ತೂಬು, ಏರಿ ಎಂದು ಓಡಾಡಿದವನು. ವೈದ್ಯನೂ ಅಲ್ಲ. ಆದರೂ ಇವತ್ತು ಬಾಯಿಯ ರೋಗದ ಬಗ್ಗೆ ಮಾತನಾಡುತ್ತೇನೆಂದು ನಾನೇ ಪೂಜ್ಯರಲ್ಲಿ ಕೇಳಿಕೊಂಡೆ. ಯಾಕೆಂದರೆ ಈ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ. ನಮ್ಮ ಮನೆಯಲ್ಲಿ ನಾನು ಮಾಡಿದ ತಪ್ಪು ಇನ್ನೂ ಹಲವು ಮನೆಗಳಲ್ಲಿ ನಡೆಯುತ್ತಿರಬಹುದು.

ನಮ್ಮ ಅಕ್ಕನನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಪ್ರತಿ ಅಮಾವಾಸ್ಯೆ ದಾಸೋಹದಲ್ಲಿ ರೊಟ್ಟಿ ಬಡಿಸುತ್ತಿದ್ದವರು. ಕಳೆದ ವರ್ಷ ಮೂರು ತಿಂಗಳು ಅವರು ಇಲ್ಲಿಗೆ ಬರಲಿಲ್ಲ. ಕೇಳಿದವರಿಗೆಲ್ಲ ಮೊಣಕಾಲು ನೋವು ಎಂದು ಹೇಳಿದೆವು. ಅದು ಸುಳ್ಳು. ನಿಜವಾದ ಕಾರಣವನ್ನು ಅಕ್ಕನ ಒಪ್ಪಿಗೆ ಪಡೆದೇ ಇವತ್ತು ಹೇಳುತ್ತಿದ್ದೇನೆ.

ನಡೆದದ್ದು ಇಷ್ಟು

ಅಕ್ಕನಿಗೆ ಎರಡು ವರ್ಷದಿಂದ ಬಾಯಿ ಉರಿ. ಚಟ್ನಿ, ಉಪ್ಪಿನಕಾಯಿ ಹೋಗಲಿ, ಬಿಸಿ ಚಹಾ ಕೂಡ ಕುಡಿಯಲಾಗದು. ಕೆನ್ನೆಯ ಒಳಭಾಗದಲ್ಲಿ ಬಲೆ ನೇಯ್ದ ಹಾಗೆ ಬಿಳಿ ಗೆರೆಗಳು, ನಡುನಡುವೆ ಕೆಂಪಗೆ ಸುಲಿದ ಜಾಗ. ಮನೆಯಲ್ಲಿ ಎಲ್ಲರೂ ಉಷ್ಣ ಎಂದೆವು. ಮಜ್ಜಿಗೆ, ಕಾಮಕಸ್ತೂರಿ ಬೀಜ, ಎಳನೀರು ಎಲ್ಲ ಆಯಿತು. ಕೊನೆಗೆ ದಂತ ವೈದ್ಯಕೀಯ ಕಾಲೇಜಿನಲ್ಲಿ ಬಾಯಿ ರೋಗಗಳನ್ನೇ ನೋಡುವ ವಿಭಾಗಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಚಿಕ್ಕ ವಯಸ್ಸಿನ ಒಬ್ಬ ವೈದ್ಯೆ ನೋಡಿ, ಸಣ್ಣ ತುಂಡು ತೆಗೆದು ಪರೀಕ್ಷೆ ಮಾಡಿಸಿ, ಇದು ಲೈಕೆನ್ ಪ್ಲಾನಸ್ ಎಂದರು.

ಹೆಸರು ಹೊಸದಾದರೂ ರೋಗ ಹಳೆಯದು. ಎರಾಸ್ಮಸ್ ವಿಲ್ಸನ್ ಎಂಬ ಇಂಗ್ಲಿಷ್ ವೈದ್ಯರು 1869ರಲ್ಲೇ ಇದನ್ನು ವಿವರಿಸಿದ್ದಾರೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬಾಯಲ್ಲಿ ಇದು ಕಾಣಿಸಿಕೊಳ್ಳುತ್ತದೆ, ನಡುವಯಸ್ಸು ದಾಟಿದ ಹೆಣ್ಣುಮಕ್ಕಳಲ್ಲಿ ಹೆಚ್ಚು. ನಮ್ಮನ್ನು ಕಾಯಬೇಕಾದ ರಕ್ತದ ಬಿಳಿಕಣಗಳೇ ಬಾಯಿಯ ಒಳಪೊರೆಯನ್ನು ಪರಕೀಯವೆಂದು ತಿಳಿದು ಅದರ ಮೇಲೆ ಬೀಳುತ್ತವೆ. ಇದು ಅಂಟುರೋಗವಲ್ಲ. ಬಾಯಿಗೆ ಹಚ್ಚಿಕೊಳ್ಳಲು ಸ್ಟೀರಾಯ್ಡ್ ಮುಲಾಮು ಕೊಟ್ಟರು. ಹದಿನೈದು ದಿನದಲ್ಲಿ ಅಕ್ಕ ಮತ್ತೆ ರೊಟ್ಟಿ ತಿನ್ನುವಂತಾದರು.

ಎರಡು ತಿಂಗಳ ನಂತರ ಮತ್ತೆ ಉರಿ. ಈ ಸಲ ನಾಲಿಗೆಯ ಮೇಲೂ ಅಂಗಳದಲ್ಲೂ ಮೊಸರು ಚೆಲ್ಲಿದ ಹಾಗೆ ಬಿಳಿ ಪದರ. ವೈದ್ಯರು ಹತ್ತಿಕಡ್ಡಿಯಿಂದ ಒರೆಸಿ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ನನ್ನ ಮೊಬೈಲಿಗೆ ಬಂತು. "ಕ್ಯಾಂಡಿಡಾ ಅಲ್ಬಿಕನ್ಸ್ ಬೆಳವಣಿಗೆ ಕಂಡುಬಂದಿದೆ" ಎಂದಿತ್ತು. ಕ್ಯಾಂಡಿಡಾ ಎಂದರೆ ಒಂದು ಜಾತಿಯ ಯೀಸ್ಟ್, ಅಂದರೆ ಶಿಲೀಂಧ್ರ, ನಮ್ಮ ಮಾತಿನಲ್ಲಿ ಬೂಷ್ಟು.

ನಾನು ಇಂಜಿನಿಯರ್. ಸಿಮೆಂಟ್ ಪರೀಕ್ಷೆಯ ವರದಿ ಓದಿ ಅಭ್ಯಾಸವಾದವನು. ಪಾಸ್ ಇಲ್ಲವೇ ಫೇಲ್. ವೈದ್ಯರನ್ನು ಕೇಳುವ ಮೊದಲೇ ತೀರ್ಮಾನ ಮಾಡಿಬಿಟ್ಟೆ. ಸೊಸೆಯನ್ನು ಕರೆದು, "ಅತ್ತೆಗೆ ಬಾಯಲ್ಲಿ ಬೂಷ್ಟು ಬೆಳೆದಿದೆಯಂತೆ, ಮೊಮ್ಮಗು ಓಡಾಡುವ ಮನೆ, ತಟ್ಟೆ ಲೋಟ ಬೇರೆ ಇಡಮ್ಮ" ಎಂದೆ. ಆ ಮುಲಾಮಿನಿಂದಲೇ ಹೀಗಾಯಿತೆಂದು ಅದನ್ನೂ ನಿಲ್ಲಿಸಿಬಿಟ್ಟೆ. ಅಕ್ಕ ಏನೂ ಮಾತನಾಡಲಿಲ್ಲ. ಮರುದಿನದಿಂದ ತಾವಾಗಿಯೇ ಹಿತ್ತಲ ಕಡೆಯ ಪಡಸಾಲೆಯಲ್ಲಿ ಒಬ್ಬರೇ ಕುಳಿತು ಊಟ ಮಾಡತೊಡಗಿದರು. ಮೊಮ್ಮಗುವನ್ನು ಎತ್ತಿಕೊಳ್ಳುವುದನ್ನು ಬಿಟ್ಟರು. ದಾಸೋಹಕ್ಕೆ ಬರುವುದನ್ನೂ ಬಿಟ್ಟರು. ಮುಲಾಮು ನಿಂತದ್ದರಿಂದ ಹಳೆಯ ಹುಣ್ಣು ಮತ್ತೆ ಬಾಯಿಬಿಟ್ಟಿತು.

ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಇದು ಗೊತ್ತಾದಾಗ ಅವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಸರ್, ಇದೇ ಪರೀಕ್ಷೆಯನ್ನು ನಿಮ್ಮ ಬಾಯಿಗೆ ಮಾಡಿದರೆ ಏನು ಬರಬಹುದು ಅಂದುಕೊಂಡಿದ್ದೀರಿ?"

ಬಾಯಿಯಲ್ಲಿ ವಾಸವಿರುವ ಜೀವಿ

ಶರಣ ಬಂಧುಗಳೇ, ಆ ಪ್ರಶ್ನೆಯ ಉತ್ತರ ಇಲ್ಲಿರುವ ಎಲ್ಲರಿಗೂ ಸೇರಿದ್ದು. ಯಾವ ಕಾಯಿಲೆಯೂ ಇಲ್ಲದ ಹತ್ತು ಜನರ ಬಾಯಿ ಪರೀಕ್ಷಿಸಿದರೆ ಸುಮಾರು ಮೂರರಿಂದ ಐದು ಜನರಲ್ಲಿ ಕ್ಯಾಂಡಿಡಾ ಸಿಗುತ್ತದೆ. ಅಧ್ಯಯನದಿಂದ ಅಧ್ಯಯನಕ್ಕೆ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಸಾರ ಬದಲಾಗುವುದಿಲ್ಲ. ಅದು ಹೊರಗಿನಿಂದ ದಾಳಿ ಮಾಡಿದ ಶತ್ರುವಲ್ಲ. ಬಹಳ ಜನರಲ್ಲಿ ಎಳೆತನದಲ್ಲೇ ಬಂದು ನೆಲೆಸಿ, ಸದ್ದಿಲ್ಲದೆ ಬದುಕಿಕೊಂಡಿರುವ ಜೀವಿ. ಬ್ರೆಡ್ಡನ್ನು ಉಬ್ಬಿಸುವ, ಹೆಂಡವನ್ನು ಹುಳಿಯಿಸುವ ಯೀಸ್ಟಿಗೆ ದೂರದ ಸಂಬಂಧಿ. ಒಂದು ಕಣದ ಅಗಲ ಸುಮಾರು 5 ಮೈಕ್ರಾನ್, ಅಂದರೆ 200 ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್.

ಇದರ ಬಿಳಿ ಪದರವನ್ನು ಮನುಷ್ಯ ಬಹಳ ಹಿಂದೆಯೇ ಗುರುತಿಸಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಗ್ರೀಕ್ ವೈದ್ಯ ಹಿಪೊಕ್ರೆಟಿಸ್‌ನ ಹೆಸರಿನ ಗ್ರಂಥಗಳಲ್ಲೇ ನಿತ್ರಾಣರಾದ ರೋಗಿಗಳ ಬಾಯಿಹುಣ್ಣಿನ ಪ್ರಸ್ತಾಪ ಇದೆ. ಕ್ಯಾಂಡಿಡಾ ಎಂಬ ಈಗಿನ ಹೆಸರನ್ನು 1923ರಲ್ಲಿ ಇಟ್ಟವರು ನೆದರ್‌ಲ್ಯಾಂಡ್ಸ್‌ನ ಕ್ರಿಸ್ಟೀನ್ ಬೆರ್ಕೌಟ್ ಎಂಬ ಸಂಶೋಧಕಿ. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ಬಿಳಿ, ಅಷ್ಟೇ.

ಹಾಗಾದರೆ ಸುಮ್ಮನಿದ್ದ ಜೀವಿ ಯಾಕೆ ಕೆರಳುತ್ತದೆ? ಇದು ನನ್ನ ಕಸುಬಿನಿಂದ ನನಗೆ ಅರ್ಥವಾದ ವಿಷಯ. ಭದ್ರಾ ನಾಲೆಯ ಏರಿಯ ಮೇಲೆ ಕೆಲಸ ಮಾಡುವಾಗ ಒಂದು ಕಡೆ ಮಾತ್ರ ಜೊಂಡು ದಟ್ಟವಾಗಿ ಬೆಳೆದಿದ್ದರೆ, ಹಳೆಯ ಸೌಡಿ ನನಗೆ ಹೇಳುತ್ತಿದ್ದ, "ಸಾಹೇಬ್ರೇ, ಇಲ್ಲಿ ನೀರು ಜಿನುಗ್ತಿದೆ" ಎಂದು. ಜೊಂಡಿನ ಬೀಜ ಗಾಳಿಯಲ್ಲಿ ಎಲ್ಲ ಕಡೆಗೂ ಹಾರುತ್ತದೆ. ಬೇರು ಬಿಡುವುದು ಮಾತ್ರ ತೇವ ಸಿಕ್ಕಲ್ಲಿ. ಜೊಂಡು ಕಿತ್ತುಹಾಕಿ ಬಂದರೆ ಮೂರು ತಿಂಗಳಲ್ಲಿ ಅದು ಮತ್ತೆ ಅಲ್ಲೇ ಇರುತ್ತದೆ. ಜಿನುಗು ಎಲ್ಲಿಂದ ಎಂದು ಹುಡುಕಿ ಮುಚ್ಚಬೇಕು. ಬಾಯಿಯ ಯೀಸ್ಟೂ ಹಾಗೆಯೇ. ಅದು ಹೆಚ್ಚಾಗಿದೆ ಎಂದರೆ ಬಾಯಲ್ಲೋ ದೇಹದಲ್ಲೋ ಏನೋ ಬದಲಾಗಿದೆ ಎಂದರ್ಥ.

ಏನೇನು ಬದಲಾಗಬಹುದು?

ಮೊದಲನೆಯದು ಬಾಯಿಯ ಒಳಪೊರೆ. ಆರೋಗ್ಯವಂತ ಪೊರೆ ತನ್ನ ಮೇಲಿನ ಪದರವನ್ನು ಸದಾ ಉದುರಿಸುತ್ತ ಹೊಸದನ್ನು ಕಟ್ಟುತ್ತಿರುತ್ತದೆ. ಅಂಟಿಕೊಂಡ ಯೀಸ್ಟೂ ಅದರ ಜೊತೆಗೇ ಉದುರಿಹೋಗುತ್ತದೆ. ಲೈಕೆನ್ ಪ್ಲಾನಸ್‌ನಂಥ ರೋಗದಲ್ಲಿ ಪೊರೆ ಕೆಲವು ಕಡೆ ದಪ್ಪವಾಗಿ ಒರಟಾಗುತ್ತದೆ, ಕೆಲವು ಕಡೆ ತೆಳ್ಳಗಾಗಿ ಸುಲಿಯುತ್ತದೆ. ಅಂಥಲ್ಲಿ ಯೀಸ್ಟಿಗೆ ಹಿಡಿತ ಸಿಗುತ್ತದೆ. ಹಿಡಿತ ಸಿಕ್ಕಾಗ ಅದು ದುಂಡನೆಯ ರೂಪ ಬಿಟ್ಟು ಉದ್ದನೆಯ ಎಳೆಗಳಾಗಿ ಪೊರೆಯೊಳಕ್ಕೆ ಇಳಿಯುತ್ತದೆ. ಆ ಎಳೆಗಳು ಪೊರೆಯ ಜೀವಕೋಶಗಳನ್ನು ಕೊರೆಯುವ ಒಂದು ವಿಷವನ್ನು ಬಿಡುತ್ತವೆಂದು 2016ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಅದಕ್ಕೆ ಕ್ಯಾಂಡಿಡಾಲೈಸಿನ್ ಎಂದು ಹೆಸರು.

ಎರಡನೆಯದು ಔಷಧ. ಸ್ಟೀರಾಯ್ಡ್ ಮುಲಾಮು ಕೆರಳಿದ ಬಿಳಿಕಣಗಳನ್ನು ಸುಮ್ಮನಾಗಿಸುತ್ತದೆ, ಅದರಿಂದಲೇ ಉರಿ ಇಳಿಯುತ್ತದೆ. ಆದರೆ ಯೀಸ್ಟನ್ನು ಅಂಕೆಯಲ್ಲಿಟ್ಟಿದ್ದ ಕಾವಲೂ ಅದರಿಂದ ಸಡಿಲವಾಗುತ್ತದೆ. ಇದು ವೈದ್ಯರಿಗೆ ಮೊದಲೇ ಗೊತ್ತಿರುವ, ಎದುರು ನೋಡುವ ಅಡ್ಡಪರಿಣಾಮ. ಮುಲಾಮು ತಪ್ಪು ಎಂದಲ್ಲ, ಜೊತೆಗೆ ಇನ್ನೊಂದು ಔಷಧ ಬೇಕು ಎಂದು ಮಾತ್ರ ಅರ್ಥ. ಉಬ್ಬಸಕ್ಕೆ ಸ್ಟೀರಾಯ್ಡ್ ಇನ್ಹೇಲರ್ ಎಳೆಯುವವರಿಗೂ ಇದೇ ಆಗುತ್ತದೆ. ಎಳೆದ ಕೂಡಲೇ ಬಾಯಿ ಮುಕ್ಕಳಿಸಿ ಉಗುಳಬೇಕು. ಹೆಚ್ಚು ದಿನ ಆಂಟಿಬಯೋಟಿಕ್ ತೆಗೆದುಕೊಂಡಾಗ ಬಾಯಿಯ ಬ್ಯಾಕ್ಟೀರಿಯಾ ಕಡಿಮೆಯಾಗಿ ಯೀಸ್ಟಿಗೆ ಜಾಗ ತೆರವಾಗುತ್ತದೆ.

ಮೂರನೆಯದು ಜೊಲ್ಲು. ನಾವು ಎಂಜಲು ಎಂದು ಹೇಸುವ ಈ ನೀರು ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಸುರಿಯುತ್ತದೆ. ಅದು ಬಾಯನ್ನು ತೊಳೆಯುತ್ತದೆ, ಅದರಲ್ಲಿ ಯೀಸ್ಟನ್ನು ಕೊಲ್ಲುವ ಸಣ್ಣ ಪ್ರೋಟೀನುಗಳಿವೆ. ಬಾಯಿಯ ದೊಡ್ಡ ಕಾವಲುಗಾರ ಎಂಜಲೇ. ವಯಸ್ಸಾದಂತೆ ತೆಗೆದುಕೊಳ್ಳುವ ಹಲವು ಮಾತ್ರೆಗಳಿಂದ, ಕುತ್ತಿಗೆ ಮುಖದ ಭಾಗಕ್ಕೆ ಕೊಡುವ ವಿಕಿರಣ ಚಿಕಿತ್ಸೆಯಿಂದ ಜೊಲ್ಲು ಬತ್ತುತ್ತದೆ.

ನಾಲ್ಕನೆಯದು ಹಲ್ಲಿನ ಸೆಟ್ಟು. ಮೇಲಿನ ಸೆಟ್ಟು ಅಂಗಳವನ್ನು ಮುಚ್ಚಿಬಿಡುತ್ತದೆ, ಜೊಲ್ಲು ಅಲ್ಲಿಗೆ ಮುಟ್ಟುವುದಿಲ್ಲ. ಸೆಟ್ಟಿನ ಅಕ್ರಿಲಿಕ್ಕಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಯೀಸ್ಟ್ ಅಲ್ಲಿ ಮನೆ ಮಾಡುತ್ತದೆ. ನಿದ್ದೆಯಲ್ಲಿ ಜೊಲ್ಲು ಬಹುತೇಕ ನಿಂತೇ ಹೋಗುವುದರಿಂದ ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ಅಂಗಳವೆಲ್ಲ ಕೆಂಪಗಾಗುವುದು ಹೆಚ್ಚು. ನಮ್ಮ ಅಕ್ಕನ ತಪ್ಪೂ ಇದೇ ಆಗಿತ್ತು. "ಸೆಟ್ಟು ತೆಗೆದ ಮುಖ ಯಾರಾದರೂ ನೋಡಿದರೆ" ಎಂದು ನಾಲ್ಕು ವರ್ಷ ರಾತ್ರಿಯೂ ತೆಗೆದಿರಲಿಲ್ಲ.

ಐದನೆಯದು ಇಡೀ ದೇಹದ ಸ್ಥಿತಿ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಕಬ್ಬಿಣದ ಅಂಶ ಮತ್ತು ಬಿ-12 ಕೊರತೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ರೋಗಗಳು. ಕಾರಣವೇ ಕಾಣದೆ ವಯಸ್ಕರ ಬಾಯಲ್ಲಿ ಬಿಳಿ ಪದರ ಬಂದರೆ ವೈದ್ಯರು ರಕ್ತ ಪರೀಕ್ಷೆಗೆ ಬರೆಯುತ್ತಾರೆ. ಅದರಲ್ಲಿ ಎಚ್‌ಐವಿ ಪರೀಕ್ಷೆಯೂ ಇದ್ದರೆ ಯಾರೂ ಅವಮಾನ ಎಂದುಕೊಳ್ಳಬೇಕಿಲ್ಲ.

ಇನ್ನು ಬೀಡಿ, ಸಿಗರೇಟು, ತಂಬಾಕು. ಇವು ಮೇಲಿನ ಎಲ್ಲ ಕಾವಲುಗಳನ್ನೂ ಒಂದೇ ಸಲಕ್ಕೆ ದುರ್ಬಲ ಮಾಡುತ್ತವೆ.

ಅಡಿಕೆಯ ನಾಡಿನಲ್ಲಿ ಒಂದು ಎಚ್ಚರ

ಈಗ ಸ್ವಲ್ಪ ಕಹಿ ಮಾತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ನಮ್ಮ ರಾಜ್ಯ. ಚನ್ನಗಿರಿ, ಶಿವಮೊಗ್ಗ, ತುಮಕೂರಿನ ಕಡೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಅಡಿಕೆಯಿಂದ. ನಮ್ಮ ಬಂಧುಗಳ ತೋಟಗಳೂ ಇವೆ. ಆದರೂ ಹೇಳಲೇಬೇಕು. ಅಡಿಕೆ ಜಗಿಯುವವರ ಕೆನ್ನೆಯ ಪೊರೆಯ ಕೆಳಗೆ ನಾರು ಕಟ್ಟಿ ಬಾಯಿ ತೆರೆಯಲಾಗದಂತೆ ಬಿಗಿಯುವ ರೋಗವೊಂದಿದೆ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದ್ದು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಣ್ಣುಮಕ್ಕಳಲ್ಲಿ. ಮರುವರ್ಷ ಮುಂಬಯಿಯ ಡಾ. ಜೋಶಿ ಅದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಕರೆದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಬರೀ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಡಿಕೆ ಪೊಟ್ಟಣವೂ ತಂಬಾಕಿನ ಪೊಟ್ಟಣವೂ ಬೇರೆ ಬೇರೆಯಾಗಿ ಅದೇ ಅಂಗಡಿಯಲ್ಲಿ ತೂಗಾಡುತ್ತಿರುವುದನ್ನು ನೀವೇ ನೋಡಿದ್ದೀರಿ.

ಈ ರೋಗದಲ್ಲಿ, ಹಾಗೆಯೇ ತಂಬಾಕು ತಿನ್ನುವವರ ಕೆನ್ನೆಯಲ್ಲಿ ಕಾಣುವ ಲ್ಯೂಕೋಪ್ಲೇಕಿಯಾ ಎಂಬ ಬಿಳಿ ಮಚ್ಚೆಯಲ್ಲಿಯೂ ಯೀಸ್ಟ್ ಸೇರಿಕೊಳ್ಳುವುದುಂಟು. ಯೀಸ್ಟ್ ಸೇರಿದ ಇಂಥ ಮಚ್ಚೆಗಳನ್ನು 1968ರಲ್ಲೇ ಇಂಗ್ಲೆಂಡಿನ ಕಾಸನ್ ಮತ್ತು ಲೆಹ್ನರ್ ಪ್ರತ್ಯೇಕವಾಗಿ ಗುರುತಿಸಿದರು. ಯೀಸ್ಟ್ ಮಚ್ಚೆಯನ್ನು ಕೆಡಿಸುತ್ತದೆಯೋ, ಕೆಟ್ಟ ಮಚ್ಚೆಯ ಮೇಲೆ ಯೀಸ್ಟ್ ಬಂದು ಕೂರುತ್ತದೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಯೀಸ್ಟ್ ಮದ್ಯದಿಂದ ಅಸಿಟಾಲ್ಡಿಹೈಡ್ ಎಂಬ ಕೆಟ್ಟ ರಾಸಾಯನಿಕವನ್ನು ತಯಾರಿಸಬಲ್ಲದು ಎಂಬುದಂತೂ ಖಚಿತ. ಚರ್ಚೆ ಮುಗಿಯುವವರೆಗೆ ನಾವು ಕಾಯಬೇಕಿಲ್ಲ. ಯೀಸ್ಟಿಗೆ ಔಷಧ ಕೊಟ್ಟ ಮೇಲೂ ಮಚ್ಚೆ ಉಳಿದರೆ ಸಣ್ಣ ತುಂಡು ತೆಗೆದು ಪರೀಕ್ಷೆ ಮಾಡಿಸಬೇಕು.

"ತುಂಡು ತೆಗೆದರೆ ಕ್ಯಾನ್ಸರ್ ಹಬ್ಬುತ್ತದೆ" ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಹೇಳುತ್ತಾರೆ. ಆ ಭಯದಿಂದ ಪರೀಕ್ಷೆ ಮಾಡಿಸದೆ ಕಾಲ ಕಳೆಯುವುದೇ ಹೆಚ್ಚು ಅಪಾಯ. ಲೈಕೆನ್ ಪ್ಲಾನಸ್ ಕೂಡ ದೀರ್ಘಕಾಲದಲ್ಲಿ ನೂರರಲ್ಲಿ ಸುಮಾರು ಒಬ್ಬರಿಗೆ ಕ್ಯಾನ್ಸರಿಗೆ ತಿರುಗಬಹುದು. ಉಳಿದ ತೊಂಬತ್ತೊಂಬತ್ತು ಜನ ಹೆದರಬೇಕಿಲ್ಲ, ಆದರೆ ಆ ಒಬ್ಬರು ಯಾರೆಂದು ಮೊದಲೇ ಗೊತ್ತಾಗದ ಕಾರಣ ನೂರು ಜನರೂ ವರ್ಷಕ್ಕೊಂದೆರಡು ಸಲ ತೋರಿಸಿಕೊಳ್ಳಬೇಕು.

ವರದಿಯನ್ನು ಓದುವ ಬಗೆ

ವೈದ್ಯರು ಮೂರು ಸಂಗತಿಗಳನ್ನು ಕೂಡಿಸಿ ನೋಡುತ್ತಾರೆ: ಬಾಯಲ್ಲಿ ಕಾಣುವುದು, ರೋಗಿ ಹೇಳುವುದು, ಪ್ರಯೋಗಾಲಯ ತೋರಿಸುವುದು. ವರದಿಯಲ್ಲಿ ಯೀಸ್ಟ್ ಬೆಳೆದಿದೆ ಎಂಬ ಒಂದೇ ಸಾಲಿನಿಂದ ರೋಗ ಎಂದು ತೀರ್ಮಾನಿಸಲಾಗದು. ಅದು ವಾಸವಿದೆ ಎಂಬುದಕ್ಕೆ ಮಾತ್ರ ಸಾಕ್ಷಿ. ವಾಸವಿರುವುದು ಬೇರೆ, ರೋಗ ತರುವುದು ಬೇರೆ. ಒರೆಸಿದ ಅಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉದ್ದನೆಯ ಎಳೆಗಳು ಕಂಡರೆ, ಜೊತೆಗೆ ಬಾಯಲ್ಲಿ ಉರಿ, ಕೆಂಪು ಅಥವಾ ಬಿಳಿ ಪದರ ಇದ್ದರೆ, ಆಗ ಚಿಕಿತ್ಸೆ.

ಲೈಕೆನ್ ಪ್ಲಾನಸ್ ಇರುವವರಲ್ಲಿ ಯೀಸ್ಟ್ ಎಷ್ಟು ಹೆಚ್ಚು ಎಂಬ ಬಗ್ಗೆ ಹಲವು ದೇಶಗಳಲ್ಲಿ ಅಧ್ಯಯನಗಳಾಗಿವೆ. ಕೆಲವರಿಗೆ ಆರೋಗ್ಯವಂತರಿಗಿಂತ ಹೆಚ್ಚು ಕಂಡಿದೆ, ಕೆಲವರಿಗೆ ಹೆಚ್ಚು ಅಂತರ ಕಂಡಿಲ್ಲ. ಆದ್ದರಿಂದ ಈ ರೋಗ ಇರುವವರೆಲ್ಲ ಸುಮ್ಮನೆ ಯೀಸ್ಟಿನ ಔಷಧ ತೆಗೆದುಕೊಳ್ಳುತ್ತಿರಬೇಕು ಎಂದಿಲ್ಲ. ಸ್ಟೀರಾಯ್ಡ್ ಹಚ್ಚುವಾಗ, ಸೆಟ್ಟು ಇದ್ದಾಗ, ಬಾಯಿ ಒಣಗಿದಾಗ ಎಚ್ಚರ ಹೆಚ್ಚಿರಬೇಕು. ಚೆನ್ನಾಗಿದ್ದ ಬಾಯಿ ಇದ್ದಕ್ಕಿದ್ದಂತೆ ಮತ್ತೆ ಉರಿಯತೊಡಗಿದರೆ ಹಳೆಯ ರೋಗವೇ ಕೆರಳಿದೆ ಎಂದು ಮುಲಾಮನ್ನು ಇಮ್ಮಡಿ ಹಚ್ಚಬಾರದು, ನನ್ನ ಹಾಗೆ ನಿಲ್ಲಿಸಲೂಬಾರದು. ಹೋಗಿ ತೋರಿಸಬೇಕು.

ಇಬ್ಬರು ಹೆಣ್ಣುಮಕ್ಕಳ ದಾಸೋಹ

ಯೀಸ್ಟಿಗೆ ಒಳ್ಳೆಯ ಔಷಧಗಳಿವೆ. ಅವುಗಳಲ್ಲಿ ಒಂದರ ಕಥೆಯನ್ನು ಈ ಸಭೆಯಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬ ಇಬ್ಬರು ಸಂಶೋಧಕಿಯರಿದ್ದರು. ನಮ್ಮ ಹಾಗೆ ಸರ್ಕಾರಿ ನೌಕರರು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ದೂರದ ಆಲ್ಬನಿಯಲ್ಲಿ. ಹೇಜನ್ ಅವರು ಮಣ್ಣಿನ ಮಾದರಿಗಳಿಂದ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಗಾಜಿನ ಜಾಡಿಯಲ್ಲಿಟ್ಟು ಅಂಚೆಯಲ್ಲಿ ಕಳಿಸುವುದು. ಬ್ರೌನ್ ಅವರು ಅದರಿಂದ ರಾಸಾಯನಿಕವನ್ನು ಬೇರ್ಪಡಿಸಿ ಅಂಚೆಯಲ್ಲೇ ಹಿಂದಿರುಗಿಸುವುದು. ಕೊನೆಗೆ ವರ್ಜೀನಿಯಾದ ಒಂದು ಹೊಲದ ಮಣ್ಣಿನಿಂದ ಯೀಸ್ಟನ್ನು ಕೊಲ್ಲುವ, ಮನುಷ್ಯನಿಗೆ ಸುರಕ್ಷಿತವಾದ ಔಷಧ ಸಿಕ್ಕಿತು. 1950ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ತಮ್ಮ ಹೆಸರಿಡಲಿಲ್ಲ, ತಮ್ಮ ರಾಜ್ಯದ ಹೆಸರಿನಿಂದ ನಿಸ್ಟಾಟಿನ್ ಎಂದರು. ಅದರಿಂದ ಬಂದ ಗೌರವಧನ 1 ಕೋಟಿ 30 ಲಕ್ಷ ಡಾಲರಿಗೂ ಹೆಚ್ಚು. ಅದನ್ನು ಇಬ್ಬರೂ ತಮಗೆಂದು ಇಟ್ಟುಕೊಳ್ಳದೆ ವಿಜ್ಞಾನ ಸಂಶೋಧನೆಗೆ ಬಿಟ್ಟುಕೊಟ್ಟರು. ಕಾಯಕ ದಾಸೋಹಗಳ ಹೆಸರನ್ನು ಅವರು ಕೇಳಿರಲಾರರು. ಮಾಡಿದ್ದು ಅದನ್ನೇ.

ಇಂದು ನಮ್ಮಲ್ಲಿ ಬಾಯಿಗೆ ಹಚ್ಚುವ ಕ್ಲೋಟ್ರಿಮಜೋಲ್ ದ್ರವವನ್ನು ಹೆಚ್ಚಾಗಿ ಬರೆಯುತ್ತಾರೆ. ಕೆಲವರಿಗೆ ಫ್ಲುಕೊನಜೋಲ್ ಮಾತ್ರೆ. ಈ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಬೇಡಿ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರಿಗೆ ರಕ್ತಸ್ರಾವವಾಗಬಹುದು, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳ ಜೊತೆ ಸೇರಿ ಸಕ್ಕರೆ ಇದ್ದಕ್ಕಿದ್ದಂತೆ ಕುಸಿಯಬಹುದು. ನಿಮ್ಮ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.

ಮನೆಯಲ್ಲಿ ಮಾಡಬೇಕಾದ್ದು ಸರಳ. ರಾತ್ರಿ ಮಲಗುವಾಗ ಸೆಟ್ಟು ತೆಗೆಯಿರಿ, ಬ್ರಷ್ಷಿನಿಂದ ಒಳಹೊರಗೆ ತಿಕ್ಕಿ ತೊಳೆದು ನೀರಿನಲ್ಲಿ ಮುಳುಗಿಸಿಡಿ. ಬಿಸಿ ನೀರಿಗೆ ಹಾಕಬೇಡಿ, ಆಕಾರ ಕೆಡುತ್ತದೆ. ಬಿಳಿ ಪದರವನ್ನು ಉಪ್ಪು ಹಾಕಿ ತಿಕ್ಕುವುದು, ಬಟ್ಟೆ ಸುತ್ತಿದ ಬೆರಳಿನಿಂದ ಕೆರೆಯುವುದು ಬೇಡ. ಸಕ್ಕರೆ ಹತೋಟಿಯಲ್ಲಿಡಿ. ಅಡಿಕೆ, ಕಡ್ಡಿಪುಡಿ, ಬೀಡಿ ಬಿಡಿ. ಎರಡು ವಾರ ದಾಟಿದರೂ ಮಾಯದ ಹುಣ್ಣು, ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ, ಇವು ಇದ್ದರೆ ಉಷ್ಣ ಎಂದು ಕೂರಬೇಡಿ. ಎಳೆಗೂಸುಗಳ ಬಾಯಲ್ಲಿ ಬಿಳಿ ಪದರ ಬಂದಾಗ ಮಾತ್ರ ತಾಯಿ ಮಗು ಇಬ್ಬರನ್ನೂ ವೈದ್ಯರಿಗೆ ತೋರಿಸಬೇಕು, ಯಾಕೆಂದರೆ ಹಾಲೂಡಿಸುವಾಗ ಒಬ್ಬರಿಂದ ಒಬ್ಬರಿಗೆ ಅದು ದಾಟಬಹುದು. ಅದು ಕೂಡ ಸುಲಭವಾಗಿ ವಾಸಿಯಾಗುವಂಥದ್ದೇ.

ಎಂಜಲಿನ ಸೂತಕ

ಈಗ ನನ್ನ ತಪ್ಪಿನ ಮಾತಿಗೆ ಹಿಂದಿರುಗುತ್ತೇನೆ. ತಟ್ಟೆ ಬೇರೆ ಇಡಬೇಕೇ ಎಂದು ನಾನು ವೈದ್ಯರನ್ನು ಕೇಳಿದೆ. ಅವರು ಹೇಳಿದ್ದು: ಲೈಕೆನ್ ಪ್ಲಾನಸ್ ಅಂಟುವುದೇ ಇಲ್ಲ. ಯೀಸ್ಟ್ ಎಂಜಲಿನ ಮೂಲಕ ಒಬ್ಬರಿಂದ ಒಬ್ಬರಿಗೆ ಹೋಗಬಹುದು, ಆದರೆ ಆರೋಗ್ಯವಂತರ ಬಾಯಲ್ಲಿ ಅದರಿಂದ ರೋಗ ಬರುವುದಿಲ್ಲ, ಬಹಳ ಜನರಲ್ಲಿ ಅದು ಈಗಾಗಲೇ ಇದೆ. ಎಲ್ಲರ ಪಾತ್ರೆ ತೊಳೆಯುವ ಹಾಗೆ ತೊಳೆದರೆ ಸಾಕು. ಪಕ್ಕದಲ್ಲಿ ಕುಳಿತು ಉಣ್ಣುವುದರಿಂದ, ಕೈಯಿಂದ ಬಡಿಸುವುದರಿಂದ, ಮೊಮ್ಮಗುವನ್ನು ಎತ್ತಿಕೊಳ್ಳುವುದರಿಂದ ಏನೂ ಆಗುವುದಿಲ್ಲ.

ಬಂಧುಗಳೇ, ಹನ್ನೆರಡನೆಯ ಶತಮಾನದ ಶರಣರು ತಳ್ಳಿಹಾಕಿದ ಐದು ಸೂತಕಗಳಲ್ಲಿ ಎಂಜಲಿನ ಸೂತಕವೂ ಒಂದು. ವೇದಿಕೆಯ ಮೇಲೆ ನಿಂತು ಆ ಐದನ್ನೂ ಬೆರಳು ಮಡಚಿ ಎಣಿಸಿ ಹೇಳಬಲ್ಲೆ. ಆದರೆ ಪ್ರಯೋಗಾಲಯದ ಒಂದು ಹಾಳೆ ಕೈಗೆ ಬಂದ ದಿನ ಅದೇ ಸೂತಕವನ್ನು ವಿಜ್ಞಾನದ ಹೆಸರಿನಲ್ಲಿ ನನ್ನ ಮನೆಯೊಳಕ್ಕೆ ಕರೆತಂದೆ. ಹಳೆಯ ಕಾಲದವರು ಮೈಲಿಗೆ ಎನ್ನುತ್ತಿದ್ದರು, ನಾನು ಇನ್‌ಫೆಕ್ಷನ್ ಎಂದೆ. ಪಡಸಾಲೆಯಲ್ಲಿ ಒಬ್ಬರೇ ಕುಳಿತ ಅಕ್ಕನಿಗೆ ಎರಡಕ್ಕೂ ಏನು ವ್ಯತ್ಯಾಸ?

ಎಲ್ಲ ರೋಗಗಳಲ್ಲೂ ದೂರ ಇಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಕೋವಿಡ್ ಕಾಲದಲ್ಲಿ ದೂರ ಇದ್ದೆವು, ಅದಕ್ಕೆ ಕಾರಣವಿತ್ತು. ದೂರ ಇಡುವ ಮುಂಚೆ ಕಾರಣ ಕೇಳಬೇಕು. ಅರಿವು ಎಂದರೆ ಅದೇ ಅಲ್ಲವೇ? ಕಾರಣ ಕೇಳದೆ ದೂರ ಇಟ್ಟರೆ ರೋಗಿ ರೋಗವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಬಾಯಲ್ಲೇ ಮಚ್ಚೆ ಕ್ಯಾನ್ಸರಿಗೆ ತಿರುಗಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಪೂಜ್ಯರಲ್ಲಿ ಎರಡು ವಿನಂತಿ ಇದೆ. ಮಠದ ಮುಂದಿನ ಉಚಿತ ಆರೋಗ್ಯ ಶಿಬಿರದಲ್ಲಿ ಕಣ್ಣು, ಸಕ್ಕರೆ, ರಕ್ತದೊತ್ತಡದ ಜೊತೆಗೆ ಬಾಯಿಯ ತಪಾಸಣೆಯನ್ನೂ ಸೇರಿಸಬೇಕು. ಒಂದು ಟಾರ್ಚು, ಎರಡು ಕನ್ನಡಿ, ಒಬ್ಬ ದಂತ ವೈದ್ಯರು ಇದ್ದರೆ ಸಾಕು. ಇನ್ನೊಂದು, ದಾಸೋಹದ ಊಟದ ನಂತರ ಎಲೆ ಅಡಿಕೆ ತಟ್ಟೆ ಹಿಡಿದು ಯುವಕರಿಗೆ ಒತ್ತಾಯ ಮಾಡುವುದನ್ನಾದರೂ ನಿಲ್ಲಿಸಬೇಕು. ಸಂಪ್ರದಾಯ ಎಂದು ಕೆಲವರಿಗೆ ಬೇಸರವಾಗಬಹುದು. ಬಾಳೆಹಣ್ಣು ಕೊಟ್ಟರೂ ಅತಿಥಿಗೆ ಗೌರವ ಕಡಿಮೆಯಾಗುವುದಿಲ್ಲ.

ಆಸ್ಪತ್ರೆಯಿಂದ ಬಂದ ದಿನ ರಾತ್ರಿ ನಾನೇ ಅಕ್ಕನ ತಟ್ಟೆಯನ್ನು ಪಡಸಾಲೆಯಿಂದ ತಂದು ನನ್ನ ಪಕ್ಕದಲ್ಲಿಟ್ಟೆ. "ತಪ್ಪಾಯ್ತು ಅಕ್ಕ" ಎಂದೆ. ಅಕ್ಕ ಅಂದರು, "ಬಾಯಿ ಉರಿ ತಡ್ಕೊಂಡೆ ಕಣೋ ತಮ್ಮಾ. ತಟ್ಟೆ ಬೇರೆ ಮಾಡಿದ್ದು ತಡಿಯಾಕೆ ಆಗ್ಲಿಲ್ಲ."

ಈಗ ಅವರು ರಾತ್ರಿ ಸೆಟ್ಟು ತೆಗೆದಿಟ್ಟು ಮಲಗುತ್ತಾರೆ. ಮುಲಾಮು ಹಚ್ಚುತ್ತಾರೆ, ವೈದ್ಯರು ಹೇಳಿದಾಗ ಯೀಸ್ಟಿನ ಔಷಧವನ್ನೂ ಹಚ್ಚುತ್ತಾರೆ. ಲೈಕೆನ್ ಪ್ಲಾನಸ್ ಪೂರ್ತಿ ಹೋಗಿಲ್ಲ, ಹೋಗುವ ಭರವಸೆಯನ್ನೂ ಯಾರೂ ಕೊಟ್ಟಿಲ್ಲ, ಹತೋಟಿಯಲ್ಲಿದೆ. ಇವತ್ತು ಒಳಗೆ ಅಡುಗೆಮನೆಯಲ್ಲಿ ಇದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ನಿಮಗೆಲ್ಲ ರೊಟ್ಟಿ ಬಡಿಸಲು ಬರುತ್ತಾರೆ. ದಯವಿಟ್ಟು ಒಂದು ರೊಟ್ಟಿ ಹೆಚ್ಚು ಹಾಕಿಸಿಕೊಳ್ಳಿ.